ಬೈಕಿಗೆ ದಪ್ಪ ದನಿ ಬೇಕು, ಯಾವ ಸೈಲೆನ್ಸರ್ ಹಾಕಿಸಲಿ?

ಪ್ರಶ್ನೆ: ನನ್ನದು ಸಿಂಗಲ್ ಸಿಲಿಂಡರ್ ಬೈಕ್. ಕಂಪನಿ ಸೈಲೆನ್ಸರ್ ದನಿ ತೀರಾ ಸಪ್ಪೆ ಅನಿಸುತ್ತದೆ. ದಪ್ಪಗೆ, ಗಂಭೀರವಾಗಿ ಕೇಳಿಸಬೇಕು, ಆದರೆ ಕಿವಿ ಕೊರೆಯಬಾರದು. ವಿಡಿಯೊ ನೋಡಿ ನೋಡಿ ಗೊಂದಲ ಜಾಸ್ತಿಯಾಗಿದೆ. ಹೇಗೆ ಆರಿಸಲಿ?

ಉತ್ತರ: ವಿಡಿಯೊಗಳನ್ನು ಮೊದಲು ಬದಿಗಿಡಿ. ಜೋರು ಸದ್ದು ಬಂದ ಕೂಡಲೇ ಫೋನಿನ ಮೈಕ್ ತಾನಾಗಿಯೇ ಅದನ್ನು ತಗ್ಗಿಸಿಬಿಡುತ್ತದೆ. ಇನ್ನು ನೀವು ಕೇಳುವ ಪುಟ್ಟ ಸ್ಪೀಕರಿನಲ್ಲಿ ತಳದ ಗುಡುಗು ಬರುವುದೇ ಕಷ್ಟ. ನಿಮಗೆ ಬೇಕಾಗಿರುವುದು ಆ ಗುಡುಗೇ ಅಲ್ವಾ? ಇಪ್ಪತ್ತು ವಿಡಿಯೊ ನೋಡುವುದಕ್ಕಿಂತ, ನಿಮ್ಮದೇ ಮಾಡೆಲಿನ ಬೈಕಿಗೆ ಬೇರೆ ಪೈಪ್ ಹಾಕಿಸಿದವರೊಬ್ಬರ ಹಿಂದೆ ನಿಂತು ಐದು ನಿಮಿಷ ಕೇಳುವುದು ಮೇಲು.

"ನಿಮ್ಮದೇ ಮಾಡೆಲ್" ಅಂದದ್ದಕ್ಕೆ ಕಾರಣ ಇದೆ. ದನಿ ಹುಟ್ಟುವುದು ಎಂಜಿನ್ನಿನಲ್ಲಿ. ಅದರಲ್ಲಿ ಯಾವುದನ್ನು ಹೊರಗೆ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದಷ್ಟೇ ಸೈಲೆನ್ಸರ್ ಕೈಯಲ್ಲಿರುವುದು. ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ದಂಡ) ಎರಡು ಸುತ್ತು ತಿರುಗಿದರೆ ಪೆಟ್ರೋಲ್ ಒಂದು ಸಲ ಉರಿಯುತ್ತದೆ. ಅಂದರೆ 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಸೆಕೆಂಡಿಗೆ 25 ಹೊಡೆತ. ಈ ಬಿಡಿಬಿಡಿ ಹೊಡೆತಗಳಿಂದಲೇ ಸಿಂಗಲ್ ಸಿಲಿಂಡರ್ ಬೈಕಿನ 'ಡುಗ್ ಡುಗ್' ಬರುವುದು. ನಾಲ್ಕು ಸಿಲಿಂಡರ್ ಇದ್ದರೆ ಅದೇ ವೇಗಕ್ಕೆ 100 ಹೊಡೆತ, 12,000 ಆರ್‌ಪಿಎಂಗೆ ಹೋದರೆ 400. ಆಗ ಹೊಡೆತಗಳೆಲ್ಲ ಕೂಡಿಕೊಂಡು ಒಂದೇ ಕೂಗು ಆಗುತ್ತದೆ. ಎರಡು ಸಿಲಿಂಡರಿನ ಬೈಕುಗಳಲ್ಲೂ ವ್ಯತ್ಯಾಸ ಇದೆ. 360 ಡಿಗ್ರಿ ಕ್ರ್ಯಾಂಕ್ ಇದ್ದರೆ, ಅಂದರೆ ಎರಡೂ ಪಿಸ್ಟನ್ ಒಟ್ಟಿಗೆ ಏರಿಳಿದರೆ, ಹೊಡೆತಗಳ ನಡುವೆ ಸಮಾನ ಅಂತರ. 270 ಡಿಗ್ರಿ ಕ್ರ್ಯಾಂಕ್ ಆದರೆ ಒಂದು ಅಂತರ 270 ಡಿಗ್ರಿ, ಇನ್ನೊಂದು 450. ಆ ಏರುಪೇರಿನಿಂದಲೇ ಅದಕ್ಕೆ ವಿ-ಟ್ವಿನ್ (V ಆಕಾರದಲ್ಲಿ ಎರಡು ಸಿಲಿಂಡರ್ ಇರುವ) ಎಂಜಿನ್ನಿನಂಥ ಗುಡುಗು. ಈ ಲಯವನ್ನು ಯಾವ ಪೈಪೂ ಬದಲಿಸಲಾರದು. ಹಾಗಾಗಿ ಸಿಂಗಲ್ ಸಿಲಿಂಡರಿನಿಂದ ನಾಲ್ಕು ಸಿಲಿಂಡರಿನ ಕೂಗು ಬರಿಸುತ್ತೇವೆ ಅಂದರೆ ನಂಬಬೇಡಿ. ನಿಮ್ಮ ಅದೃಷ್ಟಕ್ಕೆ, ನೀವು ಕೇಳುತ್ತಿರುವ ದಪ್ಪ ದನಿ ನಿಮ್ಮ ಎಂಜಿನ್ನಿನಲ್ಲಿ ಆಗಲೇ ಇದೆ.

ಅದು ಹೊರಗೆ ಬರುತ್ತಿಲ್ಲ ಯಾಕೆ? ಕಂಪನಿ ಸೈಲೆನ್ಸರಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕೋಣೆಗಳಿರುತ್ತವೆ. ಹೊಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ತಿರುಗಿ ತಿರುಗಿ ಹೋಗುತ್ತದೆ. ಸದ್ದಿನ ಅಲೆಗಳು ಗೋಡೆಗೆ ಬಡಿದು ವಾಪಸ್ ಬಂದು ಒಂದನ್ನೊಂದು ಕಡಿಮೆ ಮಾಡುತ್ತವೆ. ಇದರಲ್ಲಿ ತಳದ ದನಿಯೂ ಹೋಗಿಬಿಡುತ್ತದೆ. ಹೊರಗಡೆ ಸಿಗುವ ಹೆಚ್ಚಿನ ಪೈಪುಗಳ ಕಟ್ಟೋಣ ಬೇರೆ. ಒಳಗೆ ನೇರವಾದ, ಮೈತುಂಬ ತೂತುಗಳಿರುವ ಕೊಳವೆ. ಅದರ ಸುತ್ತ ಗ್ಲಾಸ್ ವೂಲ್, ಅಂದರೆ ಉಲ್ಲನ್ನಿನಂತೆ ಕಾಣುವ ಗಾಜಿನ ಎಳೆಗಳನ್ನು ತುಂಬಿರುತ್ತಾರೆ. ಈ ಉಲ್ಲನ್ ತೀಕ್ಷ್ಣವಾದ, ಚೀರುವ ದನಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ತಳದ ದನಿಯನ್ನು ಅಷ್ಟಾಗಿ ತಡೆಯುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಉದ್ದವಾಗಿ, ಹೊಟ್ಟೆ ದೊಡ್ಡದಾಗಿ, ಉಲ್ಲನ್ ದಪ್ಪಗೆ ತುಂಬಿದ ಪೈಪ್ ಹುಡುಕಿ. ಗೇಣುದ್ದದ ಗಿಡ್ಡ ಪೈಪುಗಳು ನೋಡಲು ಚೆಂದ, ನಿಜ. ಆದರೆ ಅದರಲ್ಲಿ ಉಲ್ಲನ್ನಿಗೆ ಜಾಗ ಎಲ್ಲಿದೆ? ಚೀರುವ ದನಿ ಹಾಗೇ ಹೊರಗೆ ಬರುತ್ತದೆ, ಖಾಲಿ ಡಬ್ಬ ಬಡಿದ ಹಾಗೆ ಕೇಳಿಸುತ್ತದೆ.

ಅಂಗಡಿಯಲ್ಲಿ ಪೈಪ್ ಕೈಗೆ ತೆಗೆದುಕೊಂಡು ಹಿಂದಿನ ಬಾಯಿಗೆ ಟಾರ್ಚ್ ಹಿಡಿಯಿರಿ. ತೂತುಗಳ ಆಚೆ ಉಲ್ಲನ್ ಒತ್ತಾಗಿ ಕಾಣಬೇಕು. ಆಮೇಲೆ ಮೈಮೇಲೆ ಬೆರಳ ಗೆಣ್ಣಿನಿಂದ ತಟ್ಟಿ. 'ದಬ್' ಅಂದರೆ ಒಳಗೆ ತುಂಬಿದೆ. 'ಟಣ್' ಅಂತ ಎಳೆದರೆ ತಗಡು ತೆಳು, ಇಲ್ಲವೇ ತುಂಬಿರುವುದು ಕಡಿಮೆ. ಹಳೇ ಪೈಪ್ ಕೊಳ್ಳುವಾಗಲಂತೂ ಇದನ್ನು ಬಿಡಲೇಬೇಡಿ. ಉಲ್ಲನ್ ಕಾಲಕ್ರಮೇಣ ಸುಟ್ಟು, ಎಳೆ ಎಳೆಯಾಗಿ ಹಾರಿಹೋಗುತ್ತದೆ. ಮೊದಲು ಗಂಭೀರವಾಗಿದ್ದ ಪೈಪ್ ಆಮೇಲೆ ಕರ್ಕಶವಾಗುವುದು ಇದರಿಂದಲೇ. ಹೊದಿಕೆ ರಿವಿಟ್ ಅಥವಾ ಬೋಲ್ಟಿನಲ್ಲಿದ್ದರೆ ಬಿಚ್ಚಿ ಹೊಸದು ತುಂಬಿಸಬಹುದು. ಪೂರ್ತಿ ವೆಲ್ಡ್ ಮಾಡಿದ್ದರೆ ಕತ್ತರಿಸಬೇಕಾಗುತ್ತದೆ. ಬಿಚ್ಚಲು ಬರುವುದನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ.

ಲೋಹದ ಬಗ್ಗೆ ಜನ ಬಹಳ ಚರ್ಚೆ ಮಾಡುತ್ತಾರೆ. ತೆಳು ಟೈಟಾನಿಯಂ ಸ್ವಲ್ಪ ಝಣಗುಟ್ಟುತ್ತದೆ, ಕಾರ್ಬನ್ ಫೈಬರ್ ಅಷ್ಟು ಅದುರುವುದಿಲ್ಲ, ಸ್ಟೀಲ್ ತೂಕ ಜಾಸ್ತಿ. ಆದರೆ ದನಿಯ ಮಟ್ಟಿಗೆ ಹೊರಗಿನ ಲೋಹಕ್ಕಿಂತ ಒಳಗಿನ ಕಟ್ಟೋಣವೇ ಮುಖ್ಯ.

ಜೋರು ಬೇರೆ, ದಪ್ಪ ಬೇರೆ. ಅನೇಕರು ಎಡವುವುದು ಇಲ್ಲೇ. 10 ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟು ಅನಿಸುತ್ತದೆ. ಪೈಪಿನ ಬಾಯಲ್ಲಿರುವ ಡಿಬಿ ಕಿಲ್ಲರ್ (ಸದ್ದು ತಗ್ಗಿಸುವ ತುಂಡು) ಕಿತ್ತುಹಾಕಿದರೆ ಸದ್ದು ಏರುತ್ತದೆ, ಜೊತೆಗೆ ಹೆಚ್ಚಿನ ಸಲ ಚೀರುವ ದನಿಯೂ ಸೇರಿಕೊಳ್ಳುತ್ತದೆ. ನಿಮಗೆ ಕಿವಿ ಕೊರೆಯಬಾರದು ತಾನೇ? ಹಾಗಾದರೆ ಅದು ಅಲ್ಲೇ ಇರಲಿ. ನಿಮ್ಮಲ್ಲಿನ ಸದ್ದಿನ ಮಿತಿಯನ್ನು ಪೈಪ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ರಸ್ತೆಗೆ ಅನುಮತಿ ಇರುವ ಪೈಪಿನ ಮೇಲೆ ಸಾಮಾನ್ಯವಾಗಿ ಗುರುತು ಒತ್ತಿರುತ್ತಾರೆ.

ಕೇಳಿ ನೋಡುವಾಗ ನಿಂತಲ್ಲೇ ಎಕ್ಸಲೇಟರ್ ತಿರುಗಿಸಿ ತೀರ್ಮಾನ ಮಾಡಬೇಡಿ. ಐಡ್ಲಿಂಗ್‌ನಲ್ಲಿ ಎಲ್ಲ ಪೈಪೂ ಚೆಂದವೇ. ನೀವು ದಿನಾ ಯಾವ ಗೇರಿನಲ್ಲಿ, ಯಾವ ಆರ್‌ಪಿಎಂನಲ್ಲಿ ಓಡಿಸುತ್ತೀರೋ ಅಲ್ಲಿ ಕೇಳಿ. ಕೆಲವು ಪೈಪುಗಳು ಒಂದು ನಿರ್ದಿಷ್ಟ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಎಡೆಬಿಡದೆ 'ಗುಂಯ್' ಅನ್ನುತ್ತವೆ. ದೂರದ ಸವಾರಿಯಲ್ಲಿ ಅದು ತಲೆ ಚಿಟ್ಟು ಹಿಡಿಸುತ್ತದೆ. ಆಗುವುದಾದರೆ ಓಡಿಸಿ ನೋಡಿಯೇ ಕೊಳ್ಳಿ.

ಬರೀ ದನಿಗಾಗಿ ಅಂದರೆ ಎಂಜಿನ್ನಿನಿಂದ ಬರುವ ಬೆಂಡ್ ಪೈಪ್ ಹಾಗೇ ಬಿಟ್ಟು ಹಿಂದಿನ ಭಾಗ ಮಾತ್ರ ಬದಲಿಸುವ ಸ್ಲಿಪ್-ಆನ್ ಸಾಕು. ಬೆಂಡ್ ಪೈಪ್ ಸಮೇತ ಫುಲ್ ಸಿಸ್ಟಮ್ ಹಾಕಿಸಿದರೆ ಎಷ್ಟೋ ಬೈಕುಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗುತ್ತದೆ, ಹೊಗೆ ಹೆಚ್ಚು ಕೊಳಕಾಗುತ್ತದೆ. ಪೆಟ್ರೋಲ್-ಗಾಳಿಯ ಅಳತೆಯನ್ನೂ ಹೊಸದಾಗಿ ಹೊಂದಿಸಬೇಕು: ಕಾರ್ಬೊರೇಟರ್ ಇದ್ದರೆ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತುಂಡು), ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಇದ್ದರೆ ಇಸಿಯು ಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಪೆಟ್ರೋಲ್ ಲೆಕ್ಕ.

ಹಾಕಿಸಿದ ಮೇಲೆ ಎಕ್ಸಲೇಟರ್ ಬಿಟ್ಟಾಗಲೆಲ್ಲ 'ಪಟ್ ಪಟ್' ಸಿಡಿದರೆ ಅದನ್ನೇ ಸ್ಪೋರ್ಟಿ ದನಿ ಅಂದುಕೊಳ್ಳಬೇಡಿ. ಬಹಳ ಸಲ ಜೋಡಣೆಯಲ್ಲಿ ಸೋರಿಕೆ ಇರುತ್ತದೆ. ಹೊರಗಿನ ಗಾಳಿ ಒಳಗೆ ನುಗ್ಗಿ, ಉಳಿದ ಪೆಟ್ರೋಲ್ ಪೈಪಿನೊಳಗೇ ಉರಿಯುತ್ತದೆ. ಎಂಜಿನ್ ಆರಿಸಿ, ಪೈಪ್ ತಣ್ಣಗಾದ ಮೇಲೆ ಜಾಯಿಂಟಿನ ಸುತ್ತ ಕಪ್ಪು ಮಸಿ ಹಿಡಿದಿದೆಯಾ ನೋಡಿ. ಮಸಿ ಇದ್ದರೆ ಗ್ಯಾಸ್ಕೆಟ್ ಹೊಸದು ಹಾಕಿಸಿ, ಕ್ಲಾಂಪ್ ಬಿಗಿ ಮಾಡಿಸಿ. ಮಸಿ ಇಲ್ಲದೆಯೂ ಸಿಡಿತ ನಿಲ್ಲದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿರಬಹುದು, ಮೆಕ್ಯಾನಿಕ್ ಹತ್ತಿರ ಅದನ್ನು ಪರೀಕ್ಷೆ ಮಾಡಿಸಿ.