33ರ ಗೆರೆ: ಭೀಮಾ ಪ್ರವಾಹ ಎದುರಿಗಿಟ್ಟುಕೊಂಡು ಪರಿಸರ ನ್ಯಾಯದ ಟಿಪ್ಪಣಿ

ಪರಿಸರ ನ್ಯಾಯದ ಪಠ್ಯದಲ್ಲಿ ಮೂರು ಬಗೆಯ ನ್ಯಾಯ ಬರುತ್ತದೆ. ಹಾನಿ ಮಾಡಿದವರಿಂದಲೇ ತುಂಬಿಸಿಕೊಡಿಸುವುದು ಒಂದು. ಹೊರೆ ಮತ್ತು ನೆರವು ಯಾರ ಪಾಲಿಗೆ ಎಷ್ಟು ಎನ್ನುವುದು ಎರಡನೆಯದು, ಅಂದರೆ ಹಂಚಿಕೆಯ ನ್ಯಾಯ. ಅದನ್ನು ತೀರ್ಮಾನಿಸಿದ ಬಗೆ ಸರಿಯಿತ್ತೇ ಎನ್ನುವುದು ಮೂರನೆಯದು, ಪ್ರಕ್ರಿಯೆಯ ನ್ಯಾಯ. ವ್ಯಾಖ್ಯೆ ಬಾಯಿಪಾಠವಾಗುತ್ತದೆ. ಆದರೆ ನಿಜವಾದ ವಿಕೋಪವೊಂದನ್ನು ಕೊಟ್ಟರೆ ಉತ್ತರಪತ್ರಿಕೆಯೆಲ್ಲ ಮೊದಲನೆಯದಕ್ಕೇ ಜೋತು ಬೀಳುತ್ತದೆ: ತಪ್ಪು ಯಾರದು?

2020ರ ಅಕ್ಟೋಬರ್‌ನ ಭೀಮಾ ಪ್ರವಾಹವನ್ನೇ ತಗೊಳ್ಳಿ. ಮಹಾರಾಷ್ಟ್ರದಲ್ಲಿ ಭಾರಿ ಮಳೆ, ಉಜನಿ ಜಲಾಶಯದಿಂದ ಬಿಟ್ಟ ನೀರು, ಕೆಳಗೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು. ಮಳೆಯ ಪಾಲೆಷ್ಟು, ಗೇಟಿನ ಪಾಲೆಷ್ಟು ಎಂದು ಬಿಡಿಸುವಷ್ಟರಲ್ಲಿ ಹಿಂಗಾರಿ ಬಿತ್ತನೆಯೇ ಮುಗಿದಿರುತ್ತದೆ. ಇಂಥ ಕಡೆ ರೈತನ ಖಾತೆಗೆ ದುಡ್ಡು ಬರುವುದು ಎರಡನೆಯ ದಾರಿಯಲ್ಲಿ. ಅದು ತಪ್ಪಿಹೋಗುವುದು ಮೂರನೆಯದರಲ್ಲಿ.

ಲೆಕ್ಕ (ಎಲ್ಲರೂ ಎಡವುವ ಜಾಗ)

ವಿಪತ್ತು ಸ್ಪಂದನಾ ನಿಧಿಯ 2022-26ರ ನಿಯಮದಲ್ಲಿ ಬೆಳೆಹಾನಿ ದರ ಹೆಕ್ಟೇರಿಗೆ ಹೀಗಿದೆ: ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಒಬ್ಬರಿಗೆ ಗರಿಷ್ಠ 2 ಹೆಕ್ಟೇರ್. ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಪಾಲು ಸೇರಿಸಿ ದರ ಏರಿಸುತ್ತದೆ, ಅದು ಬೇರೆ ಮಾತು.

ಇಲ್ಲಿ ಹೆಚ್ಚಿನವರು 8,500ನ್ನು ಹಾನಿಯ ಶೇಕಡಾವಾರಿನಿಂದ ಗುಣಿಸಿಬಿಡುತ್ತಾರೆ. ಗುಣಿಸುವಂತಿಲ್ಲ. ಶೇ 33 ಬರೀ ಬಾಗಿಲು. ದಾಟಿದರೆ ಪೂರ್ತಿ ದರ, ದಾಟದಿದ್ದರೆ ಸೊನ್ನೆ. ತೊಗರಿ ಹಾಕಿದ ನಾಲ್ವರನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಂದು ಹೆಕ್ಟೇರಿನಲ್ಲಿ ಶೇ 31 ಹೋದವರಿಗೆ ಏನೂ ಇಲ್ಲ. ಶೇ 34 ಹೋದವರಿಗೆ 8,500. ಪೂರ್ತಿ ಹೋದವರಿಗೂ ಅದೇ 8,500. ಹತ್ತು ಎಕರೆ ಪೂರ್ತಿ ಹೋದವರಿಗೆ 17,000 ಮಾತ್ರ, ಯಾಕಂದರೆ 2 ಹೆಕ್ಟೇರ್ ಅಂದರೆ 5 ಎಕರೆಗೂ ಎರಡು ಗುಂಟೆ ಕಮ್ಮಿ. ಅಲ್ಲಿಗೆ ಲೆಕ್ಕ ನಿಂತುಬಿಡುತ್ತದೆ.

ಯಾಕೆ ಹೀಗೆ? ಈ ಹಣ ಹೋದ ಬೆಳೆಯ ಬೆಲೆಯೇ ಅಲ್ಲ. ನಿಯಮದಲ್ಲಿ ಇದರ ಹೆಸರು ಹೂಡುವಳಿ ಸಹಾಯಧನ, ಅಂದರೆ ಮುಂದಿನ ಬಿತ್ತನೆಯ ಬೀಜ ಗೊಬ್ಬರಕ್ಕೆ ಕೈಹಿಡಿಯುವ ಹಣ. ಹೋಲಿಸಿದರೆ ತಿಳಿಯುತ್ತದೆ. ಎಕರೆಗೆ 3 ಕ್ವಿಂಟಲ್ ತೊಗರಿ ಎಂದು ಹಿಡಿದರೂ 2025-26ರ ಬೆಂಬಲ ಬೆಲೆ 8,000ದಂತೆ 24,000 ರೂಪಾಯಿ ಆಗುತ್ತದೆ. ಸಿಗುವುದು ಎಕರೆಗೆ ಸುಮಾರು 3,440. ಏಳರಲ್ಲಿ ಒಂದು ಪಾಲು.

ಇರುವ ನಿಧಿಗೆ ಮಿತಿಯಿದೆ, ಸಣ್ಣಪುಟ್ಟ ಹಾನಿಗೆಲ್ಲ ಹಂಚಿದರೆ ಮುಳುಗಿದವರಿಗೆ ಉಳಿಯುವುದಿಲ್ಲ ಎಂಬುದು ಗೆರೆ ಎಳೆದವರ ಸಮರ್ಥನೆ. ತಳ್ಳಿಹಾಕುವಂಥದ್ದಲ್ಲ. ಆದರೆ ಗೆರೆ ಇದ್ದಲ್ಲಿ ಸಮೀಕ್ಷೆಯ ಎರಡು ಮೂರು ಅಂಶದ ತಪ್ಪು ಒಬ್ಬರ ಪೂರ್ತಿ ನೆರವನ್ನೇ ನುಂಗುತ್ತದೆ. ಗೆರೆಯ ಹತ್ತಿರ ನಿಂತವರಿಗೆ ದರ ಎಷ್ಟು ಎನ್ನುವುದಕ್ಕಿಂತ ಅಳೆದವರು ಯಾರು, ಯಾವಾಗ ಅಳೆದರು ಎನ್ನುವುದೇ ದೊಡ್ಡದು. ಪ್ರಕ್ರಿಯೆಯ ನ್ಯಾಯವನ್ನು ಕೊನೆಯ ಸಾಲಿಗೆ ತಳ್ಳಬಾರದು ಎನ್ನುವುದು ಇದಕ್ಕೇ.

'ಯಾವಾಗ' ಎನ್ನುವುದು ತೊಗರಿಯಲ್ಲಂತೂ ಎದ್ದು ಕಾಣುತ್ತದೆ. ಎರೆ ಹೊಲದಲ್ಲಿ ನೀರು ನಿಂತರೆ ಬೇರಿಗೆ ಉಸಿರಿಲ್ಲ, ಆದರೆ ಗಿಡ ಒಮ್ಮೆಲೇ ಸಾಯುವುದಿಲ್ಲ. ನೀರಿಳಿದ ಮೊದಲ ದಿನಗಳಲ್ಲಿ ಹೊಲ ಹಸಿರಾಗೇ ಇರುತ್ತದೆ. ಆಮೇಲೆ ಎಲೆ ಹಳದಿಯಾಗಿ, ಜೋತುಬಿದ್ದು, ನಿಂತಲ್ಲೇ ಒಣಗುತ್ತದೆ. ಕಂದಾಯ ಮತ್ತು ಕೃಷಿ ಇಲಾಖೆಯ ಜಂಟಿ ಸಮೀಕ್ಷೆ ಆ ಹಸಿರು ದಿನಗಳಲ್ಲೇ ಮುಗಿದರೆ ಗೆರೆ ದಾಟುವುದೇ ಇಲ್ಲ. ಮಾಡಬೇಕಾದ್ದು ಇಷ್ಟು: ಸರ್ವೆ ನಂಬರ್, ದಿನಾಂಕ ಕಾಣುವಂತೆ ಫೋಟೊ ಎರಡು ಸಲ, ವಾರದ ಅಂತರ ಬಿಟ್ಟು. ಪಂಚಾಯಿತಿಯಲ್ಲಿ ಪಟ್ಟಿ ಹಚ್ಚಿದ ಕೂಡಲೇ ಹೆಸರು ನೋಡುವುದು, ಇಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಗೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗದೆ ತಹಶೀಲ್ದಾರರಿಗೆ ಬರೆದುಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದು.

ಪಹಣಿಯಲ್ಲಿ ಇಲ್ಲದವರು

ನೆರವು ಪಹಣಿಯನ್ನೂ ಅದಕ್ಕೆ ಜೋಡಿಸಿದ ಎಫ್‌ಐಡಿಯನ್ನೂ (ರೈತರ ಗುರುತಿನ ಸಂಖ್ಯೆ) ಹಿಡಿದು ಹೋಗುತ್ತದೆ. ಅಜ್ಜ ತೀರಿಕೊಂಡು ಪೌತಿ ಖಾತೆ ಆಗಿಲ್ಲವೆಂದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪಾಲಿಗೆ, ಲಾವಣಿಗೆ (ಅಂದರೆ ಗೇಣಿಗೆ) ಹೊಲ ಮಾಡುವವರ ಕಥೆ ಇನ್ನೂ ಬಿಗಿ. ಬೀಜ, ಗೊಬ್ಬರ, ಆಳಿನ ಖರ್ಚು ಅವರದು, ನೆರವು ಮಾಲೀಕರ ಖಾತೆಗೆ. ಇದಕ್ಕೆ ಕಾರಣ ಬರೀ ಮಾಲೀಕರ ಆಸೆ ಎಂದು ಬರೆಯಬೇಡಿ. ಕರ್ನಾಟಕ ಭೂಸುಧಾರಣಾ ಕಾಯ್ದೆ, 1974ರ ತಿದ್ದುಪಡಿಯ ನಂತರ, ಕೆಲವು ವಿನಾಯಿತಿ ಬಿಟ್ಟರೆ ಗೇಣಿಯನ್ನೇ ನಿಷೇಧಿಸಿದೆ. ಹೀಗಾಗಿ ಲಾವಣಿ ಕರಾರು ಕಾಗದಕ್ಕೆ ಇಳಿಯುವುದಿಲ್ಲ, ಸಾಗುವಳಿದಾರರ ಕಾಲಂನಲ್ಲಿ ಹೆಸರು ಬರೆಸಲು ಮಾಲೀಕರು ಅಂಜುತ್ತಾರೆ. ಗೇಣಿದಾರರ ಪರವಾಗಿ ಬಂದ ಕಾನೂನೇ ಇಂದಿನ ಗೇಣಿದಾರರನ್ನು ದಾಖಲೆಯಿಂದ ಅಳಿಸಿದೆ. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷಾ ಉದಾಹರಣೆ ಸಿಗಲಾರದು.

ಕೂಲಿಯವರಿಗೆ ನಿಯಮದಲ್ಲಿ ಏನೂ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಬದುಕಿಗೇ ಪೆಟ್ಟು ಬಿದ್ದ ಕುಟುಂಬಗಳಿಗೆ ನರೇಗಾ ಕೂಲಿ ದರಕ್ಕೆ ಹೊಂದಿಸಿದ ನೆರವಿಗೆ ಅವಕಾಶವಿದೆ. ಆದರೆ ಹೋದ ಕಳೆ ಕೀಳುವ ದಿನಗಳಿಗೆ, ರಾಶಿಯ ದಿನಗಳಿಗೆ ಪಹಣಿಯಂಥ ಕಾಗದ ಅವರಲ್ಲಿಲ್ಲ.

ತಪ್ಪಿತಸ್ಥರು ಕಾಣುವಾಗ

ಕಾರ್ಖಾನೆಯ ತ್ಯಾಜ್ಯ ಹಳ್ಳಕ್ಕೆ ಬಿತ್ತು ಎಂಬಂಥ ಪ್ರಕರಣದಲ್ಲಿ ಮೊದಲ ಬಗೆಯ ನ್ಯಾಯ ಚೆನ್ನಾಗಿ ಕೂರುತ್ತದೆ. ಅಪಾಯಕಾರಿ ಉದ್ಯಮಕ್ಕೆ ಪೂರ್ಣ ಹೊಣೆಗಾರಿಕೆ: 1987ರ ಎಂ.ಸಿ. ಮೆಹ್ತಾ ಪ್ರಕರಣ. ಮಾಲಿನ್ಯ ಮಾಡಿದವರೇ ತೆರಬೇಕು: 1996ರ ವೆಲ್ಲೂರು ತೀರ್ಪು. ಹಸಿರು ನ್ಯಾಯಮಂಡಳಿ ಕಾಯ್ದೆ, 2010ರ ಕಲಂ 14ರಲ್ಲಿ ಅರ್ಜಿಗೆ 6 ತಿಂಗಳು, ಪರಿಹಾರ ಕೇಳುವ ಕಲಂ 15ರಲ್ಲಿ 5 ವರ್ಷ. ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳಬೇಡಿ. ನಮಗೆ ಸಂಬಂಧಿಸಿದ ಪೀಠ ಚೆನ್ನೈನಲ್ಲಿದೆ. ಕಲಬುರಗಿಯಿಂದ ಅಲ್ಲಿಗೆ ಹೋಗಿ ಬರುವ ಖರ್ಚನ್ನೂ ಪ್ರಕ್ರಿಯೆಯ ನ್ಯಾಯದಡಿ ಬರೆಯಬಹುದು.

ಯಾರೂ ಕಾಣದಿರುವಾಗ

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್. ಹತ್ತಿರದ ಮಂಗಳೂರು (ಯಾದಗಿರಿ ಜಿಲ್ಲೆಯದು, ಕರಾವಳಿಯದಲ್ಲ) ಭಾಗದಲ್ಲಿ ಹಳೆಯ ಚಿನ್ನದ ಗಣಿ ಇತ್ತು. ಚಿನ್ನ ಇರುವ ಬಂಡೆಯಲ್ಲಿ ಹಲವು ಕಡೆ ಆರ್ಸೆನಿಕ್ ಕೂಡ ಇರುತ್ತದೆ. ಇಲ್ಲಿ ಯಾರಿಂದ ತುಂಬಿಸಿಕೊಡಿಸುತ್ತೀರಿ? ಈ ದಾರಿ ಮುಚ್ಚಿದರೂ ಸಂವಿಧಾನದ 21ನೇ ವಿಧಿ ಉಳಿಯುತ್ತದೆ. ಶುದ್ಧ ನೀರು ಬದುಕುವ ಹಕ್ಕಿನ ಭಾಗವೆಂದಾಗ ತಪ್ಪು ಯಾರದೇ ಇರಲಿ, ಕರ್ತವ್ಯ ಸರ್ಕಾರದ್ದು. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ. ಸುರಕ್ಷಿತ ಮಟ್ಟ ಲೀಟರಿಗೆ 0.01 ಮಿಲಿಗ್ರಾಂ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಏರುತ್ತದೆ. ಹಾಗಾಗಿ ಕೊಳವೆಬಾವಿ ಪರೀಕ್ಷಿಸಿ ಫಲಿತಾಂಶ ತಿಳಿಸುವುದೂ ಆ ಕರ್ತವ್ಯದೊಳಗೇ ಬರುತ್ತದೆ. ಶುದ್ಧೀಕರಣ ಘಟಕ ಕೂರಿಸಿದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಘಟಕ ಹೊರಹಾಕುವ ಆರ್ಸೆನಿಕ್ ತುಂಬಿದ ನೀರನ್ನು ಎಲ್ಲಿಗೆ ಬಿಡುತ್ತಾರೆ, ಆ ಜಾಗ ಯಾರ ಹೊಲದ ಪಕ್ಕ ಇದೆ?