ಕೊನೆಯ ಫ್ರೇಮಿನ ಒಡೆದ ಗಾಜು

ಹಿಪ್ಪಿ ಸಿನಿಮಾ ಎಂದರೆ ನಮ್ಮಲ್ಲಿ ತುಂಬಾ ಜನರಿಗೆ ನೆನಪಾಗುವುದು ದೇವ್ ಆನಂದ್ ಕಠ್ಮಂಡುವಿಗೆ ಹೋಗಿ ತೆಗೆದ 'ಹರೇ ರಾಮ ಹರೇ ಕೃಷ್ಣ'. ಅದು ಬಂದದ್ದು 1971ರಲ್ಲಿ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಈ ಭರಾಟೆ ಇಳಿದಿತ್ತು. ಆದರೆ ಒಂದು ಜಗಳ ಉಳಿದುಕೊಂಡಿತು: ಈ ಸಿನಿಮಾಗಳು ನಶೆಗೆ ಜಾಹೀರಾತೋ, ಎಚ್ಚರಿಕೆಯೋ?

ಈ ನಶೆಯೆಂದರೆ ಮುಖ್ಯವಾಗಿ ಎಲ್‌ಎಸ್‌ಡಿ, ಇಲ್ಲದ್ದನ್ನು ಕಾಣಿಸುವ ಒಂದು ರಾಸಾಯನಿಕ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಅದನ್ನು ತಯಾರಿಸಿದ್ದು 1938ರಲ್ಲಿ. ಅದು ತಲೆಗೇರುತ್ತದೆ ಎಂದು ಗೊತ್ತಾದದ್ದು 1943ರಲ್ಲಿ. 1959ರ ಹೊತ್ತಿಗೆ ಒಂದು ಹಾರರ್ ಸಿನಿಮಾದೊಳಗೂ ಬಂತು. 1966ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿತು. ನಿಷೇಧವಾದ ಮರುವರ್ಷವೇ ಸಿನಿಮಾದವರಿಗೆ ಅದರ ಮೇಲೆ ಪ್ರೀತಿ ಉಕ್ಕಿತು!

1967ರ 'ದ ಟ್ರಿಪ್' ಇಲ್ಲಿ ಮುಖ್ಯ. ಕಡಿಮೆ ದುಡ್ಡಲ್ಲಿ ಬೇಗ ಬೇಗ ಸಿನಿಮಾ ಮುಗಿಸುವುದರಲ್ಲಿ ಪಳಗಿದ ರೋಜರ್ ಕಾರ್ಮನ್ ನಿರ್ದೇಶಕ. ಚಿತ್ರಕಥೆ ಬರೆದವರು ಇನ್ನೂ ಸ್ಟಾರ್ ಆಗಿರದ ಜಾಕ್ ನಿಕೋಲ್ಸನ್. ವಿಷಯ ಗೊತ್ತಿಲ್ಲದೆ ಸುಮ್ನೆ ತೆಗೆಯಬಾರದು ಎಂದು ಕಾರ್ಮನ್ ಕ್ಯಾಲಿಫೋರ್ನಿಯಾದ ಕರಾವಳಿಯ ಬಿಗ್ ಸರ್‌ಗೆ ಹೋಗಿ ತಾವೇ ಎಲ್‌ಎಸ್‌ಡಿ ತೆಗೆದುಕೊಂಡರು. ಮರದ ಕೆಳಗೆ ಗಂಟೆಗಟ್ಟಲೆ ಬೋರಲು ಬಿದ್ದಿದ್ದರಂತೆ. ಅವರಿಗೆ ಕೆಟ್ಟ ಅನುಭವ ಒಂದೂ ಆಗಲಿಲ್ಲ. ಹಾಗಾಗಿ ಭಯದ ಭಾಗಕ್ಕೆ ಬೇರೆಯವರ ಅನುಭವ ಕೇಳಬೇಕಾಯಿತು.

ಕಥೆ ಇಷ್ಟೇ. ಡೈವೋರ್ಸ್ ಅಂಚಿನಲ್ಲಿರುವ, ಟಿವಿ ಜಾಹೀರಾತು ಮಾಡುವವನೊಬ್ಬ ಒಂದು ರಾತ್ರಿ ಎಲ್‌ಎಸ್‌ಡಿ ನುಂಗುತ್ತಾನೆ. ಆ ಪಾತ್ರ ಪೀಟರ್ ಫೋಂಡಾ ಅವರದು. ಕೈಯಲ್ಲೊಂದು ಕಿತ್ತಳೆ ಹಣ್ಣು ಹಿಡಿದು, ಸೂರ್ಯನೇ ಸಿಕ್ಕಿದ ಹಾಗೆ ನೋಡುತ್ತಾ ಕೂರುತ್ತಾನೆ. ಆಮೇಲೆ ನಡುರಾತ್ರಿ ಬಟ್ಟೆ ಒಗೆಯುವ ಅಂಗಡಿಗೆ ಹೊಕ್ಕು, ಡ್ರೈಯರ್‌ನೊಳಗೆ ಗಿರಗಿರ ಸುತ್ತುವ ಬಟ್ಟೆಗಳಿಗೆ ಮರುಳಾಗುತ್ತಾನೆ. ಬಟ್ಟೆ ಒಣಗಿಸಲು ಬಂದ ಹೆಂಗಸಿಗೆ ತಲೆಬಿಸಿ. ಕುದುರೆ, ಮುಸುಕುಧಾರಿಗಳು ಬರುವ ದೊಡ್ಡ ಭ್ರಮೆಗಳಿಗಿಂತ ನನಗೆ ಈ ಡ್ರೈಯರ್ರೇ ಜಾಸ್ತಿ ಇಷ್ಟ.

ಬಣ್ಣದ ಆಟದ ಹಿಂದೆ ದೊಡ್ಡ ಯಂತ್ರವೇನೂ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತ ಕಾರ್ಯಕ್ರಮಗಳಲ್ಲಿ ಓವರ್‌ಹೆಡ್ ಪ್ರೊಜೆಕ್ಟರ್ ಮೇಲೆ ಗಾಜಿನ ತಟ್ಟೆ ಇಟ್ಟು, ಬಣ್ಣದ ನೀರು, ಎಣ್ಣೆ ಸುರಿದು ಅಲ್ಲಾಡಿಸುತ್ತಿದ್ದರು. ಒಂದಕ್ಕೊಂದು ಸೇರದ ಆ ಗುಳ್ಳೆಗಳು ಗೋಡೆ ತುಂಬಾ ಉಸಿರಾಡಿದಂತೆ ಕಾಣುತ್ತಿದ್ದವು. ಸಿನಿಮಾದವರು ಅಂಥ ಬೆಳಕನ್ನೇ ನಟರ ಮೈಮೇಲೆ ಬಿಟ್ಟರು.

ಸಿನಿಮಾ ಮುಗಿದ ಮೇಲೆ ಅದನ್ನು ಬಿಡುಗಡೆ ಮಾಡುವ ಕಂಪನಿಗೆ ಹೆದರಿಕೆ. ಶುರುವಿನಲ್ಲಿ ನಶೆಯ ಅಪಾಯದ ಬಗ್ಗೆ ಒಂದು ಎಚ್ಚರಿಕೆ ಸೇರಿಸಿದರು. ಕೊನೆಯಲ್ಲಿ ನಾಯಕನ ಮುಖ ಗಾಜಿನಂತೆ ಒಡೆಯುವ ಹಾಗೆ ಮಾಡಿದರು. 'ನೋಡಿ, ಹಾಳಾದ' ಎಂದು ನಮಗೆ ಅರ್ಥವಾಗಬೇಕಲ್ಲ. ಕಾರ್ಮನ್‌ಗೆ ಇದು ಬೇಕಿರಲಿಲ್ಲ. ಮಾರುವುದು ನಶೆಯ ಹೆಸರಲ್ಲಿ, ಬುದ್ಧಿವಾದ ಟೈಟಲ್ಲಿಗೂ ಮೊದಲು. ಎರಡೂ ಒಂದೇ ಟಿಕೆಟ್ಟಿಗೆ, ಅಲ್ವಾ? ಬ್ರಿಟನ್ನಿನ ಸೆನ್ಸಾರಿಗೆ ಆ ಬುದ್ಧಿವಾದವೂ ಸಾಲಲಿಲ್ಲ. ಅಲ್ಲಿ ಮೂವತ್ತು ವರ್ಷ ದಾಟಿದರೂ ಸರ್ಟಿಫಿಕೇಟ್ ಸಿಗಲಿಲ್ಲ.

ಅದೇ 1967ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಿಪ್ಪಿ ಬಡಾವಣೆ ಹೇಟ್-ಆಶ್‌ಬರಿಯವರು 'ಹಿಪ್ಪಿ ಸತ್ತ' ಎಂದು ಶವಪೆಟ್ಟಿಗೆ ಹೊತ್ತು ಮೆರವಣಿಗೆ ಮಾಡಿದರು. ಪತ್ರಿಕೆಗಳು, ಪ್ರವಾಸಿಗರು, ಅಂಗಡಿಗಳು ಸೇರಿ ತಮ್ಮ ಬೀದಿಯನ್ನು ಸಂತೆ ಮಾಡಿದ್ದಾರೆ ಎಂಬ ಸಿಟ್ಟು ಅದು. ಅದೇ ಬೀದಿಯ ಕಥೆ ಹೇಳುವ 'ಸೈಕ್-ಔಟ್' ಥಿಯೇಟರಿಗೆ ಬಂದದ್ದು 1968ರಲ್ಲಿ, ತಿಥಿಯ ಊಟಕ್ಕೆ ಬಂದ ನೆಂಟರ ಹಾಗೆ.

ಮುಂದಿನದು ಬೇಗ ಬೇಗ ನಡೆಯಿತು. 1968ರಲ್ಲಿ ತೆರೆಯ ಮೇಲೆ ಏನು ತೋರಿಸಬಾರದು ಎಂಬ ಹಾಲಿವುಡ್ಡಿನ ಹಳೆಯ ಕಟ್ಟುಪಾಡು ಹೋಗಿ, ಯಾವ ವಯಸ್ಸಿನವರು ನೋಡಬಹುದು ಎಂದು ಹೇಳುವ ರೇಟಿಂಗ್ ಪದ್ಧತಿ ಬಂತು. 1969ರಲ್ಲಿ ನಾಲ್ಕು ಲಕ್ಷ ಡಾಲರ್ ಆಸುಪಾಸಿನಲ್ಲಿ ತಯಾರಾದ, ಇಬ್ಬರು ಬೈಕ್ ಸವಾರರ ಕಥೆ 'ಈಸಿ ರೈಡರ್' ಕೋಟಿಗಟ್ಟಲೆ ಡಾಲರ್ ಬಾಚಿತು. ಅದನ್ನು ನೋಡಿ ದೊಡ್ಡ ಸ್ಟುಡಿಯೋಗಳೂ ಯುವಕರ ಬೆನ್ನು ಹತ್ತಿದವು. ಆದರೆ 1970ರಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿ ಅಂಥದೊಂದು ಸ್ಟುಡಿಯೋಗೆ ತೆಗೆದ 'ಝಬ್ರಿಸ್ಕಿ ಪಾಯಿಂಟ್' ನೆಲಕಚ್ಚಿತು.

'ದ ಟ್ರಿಪ್'ನ ಬ್ಲೂ-ರೇ ಈಗ ಸಿಗುತ್ತದೆ. ಅದರ ನಿರ್ದೇಶಕರ ಆವೃತ್ತಿಯಲ್ಲಿ ಶುರುವಿನ ಎಚ್ಚರಿಕೆ ಇಲ್ಲ, ಕೊನೆಯಲ್ಲಿ ಗಾಜೂ ಒಡೆಯುವುದಿಲ್ಲ.