ಗ್ಲಾಡಿಸ್ ಬೆರೆಜಿಕ್ಲಿಯನ್: ಪರೀಕ್ಷೆಗೆ ಓದುವಾಗ ಎಡವುವ ಜಾಗಗಳು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಪ್ರೀಮಿಯರ್ ಎಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನ. 2017ರ ಜನವರಿಯಿಂದ 2021ರ ಅಕ್ಟೋಬರ್‌ವರೆಗೆ ಆ ಹುದ್ದೆಯಲ್ಲಿದ್ದವರು ಬೆರೆಜಿಕ್ಲಿಯನ್.

ಹುಟ್ಟಿದ್ದು ಸಿಡ್ನಿಯಲ್ಲಿ, 1970ರಲ್ಲಿ. ಅರ್ಮೇನಿಯನ್ ಕುಟುಂಬ. ಅಜ್ಜ ಅಜ್ಜಿಯರು 1915ರ ಅರ್ಮೇನಿಯನ್ ನರಮೇಧದಲ್ಲಿ ಅನಾಥರಾದವರು. ತಂದೆ ಸಿರಿಯಾದಿಂದ ಬಂದ ವೆಲ್ಡರ್, ತಾಯಿ ಜೆರುಸಲೇಂನಲ್ಲಿ ಹುಟ್ಟಿದ ನರ್ಸ್. ಐದು ವರ್ಷದವರೆಗೆ ಹುಡುಗಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೆಚ್ಚಿನ ಪರಿಚಯ ಲೇಖನಗಳು ಇದನ್ನೇ ಹಿಡಿದು ಎಳೆಯುತ್ತವೆ. ಆದರೆ ಆಕೆಯನ್ನು ಮೇಲೆ ತಂದದ್ದು ಪಕ್ಷದ ಏಣಿ: ಲಿಬರಲ್ ಪಕ್ಷದ ಯುವ ಘಟಕವಾದ ಯಂಗ್ ಲಿಬರಲ್ಸ್ ಅಧ್ಯಕ್ಷತೆ, ಶಾಸಕ ಪೀಟರ್ ಕಾಲಿನ್ಸ್ ಕಚೇರಿಯಲ್ಲಿ ಕೆಲಸ, ನಡುವೆ ಬ್ಯಾಂಕ್ ನೌಕರಿ, ಕಾಲಿನ್ಸ್ ಹಿಂದೆ ಸರಿದಾಗ ಅವರದೇ ವಿಲೋಬಿ ಕ್ಷೇತ್ರದ ಟಿಕೆಟ್.

2003ರಲ್ಲಿ ಗೆದ್ದದ್ದು ಬರೀ 144 ಮತಗಳಿಂದ, ಎದುರಾಳಿ ಪಕ್ಷೇತರ. ಇಲ್ಲಿ ಎಣಿಕೆಯ ಕ್ರಮ ಗೊತ್ತಿರಬೇಕು. ಮತದಾರರು 1, 2, 3 ಎಂದು ಆದ್ಯತೆ ಬರೆಯುತ್ತಾರೆ. 1 ಮಾತ್ರ ಬರೆದರೂ ಮತ ಸಿಂಧು. ಯಾರಿಗೂ ಅರ್ಧ ದಾಟದಿದ್ದರೆ ಕೊನೆಯ ಅಭ್ಯರ್ಥಿಯನ್ನು ಕೈಬಿಟ್ಟು ಆ ಮತಗಳನ್ನು ಮುಂದಿನ ಆದ್ಯತೆಯವರಿಗೆ ಹಂಚುತ್ತಾರೆ. ಮುಂದಿನ ಆದ್ಯತೆ ಇಲ್ಲದ ಮತ ಅಲ್ಲಿಗೆ ಮುಗಿಯಿತು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಎಣಿಕೆ ಕಂಡವರಿಗೆ ಇದು ಬೇಗ ಹಿಡಿಯುತ್ತದೆ.

2011ರಲ್ಲಿ ಸಾರಿಗೆ ಸಚಿವೆ (ಬಸ್ಸು, ರೈಲಿನ ಟಿಕೆಟ್ಟಿಗೆ ಬಳಸುವ ಓಪಲ್ ಕಾರ್ಡ್ ಬಂದದ್ದು ಆಗ), 2015ರಲ್ಲಿ ಖಜಾನೆ. ‘ರಾಜ್ಯದ ಮೊದಲ ಮಹಿಳಾ ಪ್ರೀಮಿಯರ್’ ಎಂದು ಬರೆಯಬೇಡಿ; ಅದು 2009ರಲ್ಲಿ ಲೇಬರ್ ಪಕ್ಷದ ಕ್ರಿಸ್ಟಿನಾ ಕೆನೀಲಿ. ಚುನಾವಣೆ ಗೆದ್ದು ಸರ್ಕಾರ ಉಳಿಸಿಕೊಂಡ ಮೊದಲ ಮಹಿಳೆ ಬೆರೆಜಿಕ್ಲಿಯನ್: 2019ರಲ್ಲಿ ಅವರ ಲಿಬರಲ್-ನ್ಯಾಷನಲ್ ಮೈತ್ರಿಕೂಟಕ್ಕೆ 93ರಲ್ಲಿ 48 ಸ್ಥಾನ. ಬಹುಮತಕ್ಕೆ ಬೇಕಿದ್ದದ್ದು 47.

ಪತನದ ಭಾಗವೇ ನಿಧಾನವಾಗಿ ಓದಬೇಕಾದದ್ದು. ವಾಗಾ ವಾಗಾ ಶಾಸಕ ಡ್ಯಾರಿಲ್ ಮಗ್ವೈರ್ ಜೊತೆ ಆಕೆಗೆ ಆಪ್ತ ಸಂಬಂಧವಿತ್ತು, ಅದನ್ನು ಸಂಪುಟಕ್ಕೆ ತಿಳಿಸಿರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಆತನ ಕ್ಷೇತ್ರದ ಬಂದೂಕು ಶೂಟಿಂಗ್ ಕ್ರೀಡಾ ಸಂಸ್ಥೆಗೆ 55 ಲಕ್ಷ ಡಾಲರ್ ಅನುದಾನ ಸಂಪುಟದ ವೆಚ್ಚ ಪರಿಶೀಲನಾ ಸಮಿತಿಯ ಮುಂದೆ ಬಂತು. ಆಗ ಖಜಾನೆ ಆಕೆಯದೇ. ಆಮೇಲೆ ಅಲ್ಲಿನ ಸಂಗೀತ ಶಾಲೆಯ ಕಟ್ಟಡದ ಹಣವೂ ಹಾಗೆಯೇ. ಲಂಚದ ಆರೋಪ ಇದಲ್ಲ. ಹಿತಾಸಕ್ತಿ ಮುಚ್ಚಿಟ್ಟು ನಿರ್ಧಾರದಲ್ಲಿ ಕೂತದ್ದು, ಮಗ್ವೈರ್ ಬಗ್ಗೆ ಬಂದ ಅನುಮಾನ ವರದಿ ಮಾಡದಿದ್ದದ್ದು: ಭ್ರಷ್ಟಾಚಾರ ವಿರೋಧಿ ಆಯೋಗ (ಐಕ್ಯಾಕ್) ಎತ್ತಿಕೊಂಡದ್ದು ಇವನ್ನು.

ತನಿಖೆ ಆಕೆಯ ಮೇಲೂ ಎಂದು ಆಯೋಗ ಪ್ರಕಟಿಸಿದ ದಿನವೇ, 2021ರ ಅಕ್ಟೋಬರ್ 1ರಂದು, ಆಕೆ ರಾಜೀನಾಮೆ ಘೋಷಿಸಿದರು. 2023ರ ಜೂನ್ ವರದಿ ‘ಗಂಭೀರ ಭ್ರಷ್ಟ ನಡತೆ’ ಎಂದಿತು, ಆದರೆ ಮೊಕದ್ದಮೆಗೆ ಶಿಫಾರಸು ಮಾಡಲಿಲ್ಲ. ಪರೀಕ್ಷೆಯ ಉತ್ತರದಲ್ಲಿ ‘ಶಿಕ್ಷೆಯಾಯಿತು’ ಎಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ: ಐಕ್ಯಾಕ್ ನ್ಯಾಯಾಲಯವಲ್ಲ, ಅದು ಕೊಡುವುದು ತೀರ್ಮಾನ, ತೀರ್ಪಲ್ಲ. ತಪ್ಪು ಮಾಡಿಲ್ಲ ಎಂಬುದು ಆಕೆಯ ನಿಲುವು. ವರದಿ ಬರೆದವರ ಸಹಾಯಕ ಆಯುಕ್ತ ಅವಧಿ ಮೊದಲೇ ಮುಗಿದಿತ್ತು ಎಂಬುದು ವರದಿಯನ್ನು ಪ್ರಶ್ನಿಸಿ ಆಕೆ ಹಾಕಿದ ಅರ್ಜಿಯ ಮುಖ್ಯ ವಾದಗಳಲ್ಲಿ ಒಂದು. 2024ರ ಜುಲೈನಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಆ ಅರ್ಜಿಯನ್ನು ವಜಾ ಮಾಡಿತು, 2-1ರ ಬಹುಮತದಲ್ಲಿ.